ಸೂಜಿಯ ಮರುದಿನ

ನಾಯಿಗೆ ಲಸಿಕೆ ಹಾಕಿದ ಮೇಲೆ ಡಾಕ್ಟರು ಸೀಸೆಯ ಮೈಗೆ ಅಂಟಿರುವ ಪುಟ್ಟ ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ನಾಯಿಯ ಪುಸ್ತಕದಲ್ಲಿ ಅಂಟಿಸುತ್ತಾರೆ. ಪಕ್ಕದಲ್ಲಿ ತಾರೀಖು, ಸಹಿ, ಮುಂದಿನ ಡೋಸ್ ಯಾವಾಗ ಎಂಬುದು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಚುಚ್ಚಿಸಿಕೊಂಡು ಮನೆಗೆ ಬಂದ ಪ್ರಾಣಿ ಆ ರಾತ್ರಿ, ಮರುದಿನ ಹೇಗಿತ್ತು ಎಂದು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಬಿಟ್ಟಿರುವುದಿಲ್ಲ. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತ ಬಂದೆ. ‘ರಾತ್ರಿ ಊಟ ಮುಟ್ಟಲಿಲ್ಲ, ಬೆಳಿಗ್ಗೆ ಮೊಸರನ್ನ ಅರ್ಧ.’ ‘ಎಡಗಡೆ ತೊಡೆ ಮುಟ್ಟಿದರೆ ಗುರ್ ಅಂತಾಳೆ.’ ‘ಏನೂ ಇಲ್ಲ. ಬಂದವನೇ ಹಿಂದಿನ ಮನೆ ಕೋಳಿ ಅಟ್ಟಿಸಿಕೊಂಡು ಹೋದ.’ ನಮ್ಮ ಯಜಮಾನರು ಇದನ್ನು ನೋಡಿ, ಮೇಷ್ಟ್ರು ಕೆಲಸದಿಂದ ರಿಟೈರ್ ಆದರೂ ನಿನಗೆ ಹಾಜರಿ ಪುಸ್ತಕ ಬಿಟ್ಟಿಲ್ಲ ಎಂದು ನಗುತ್ತಾರೆ.

ಈ ಚಾಳಿ ಬಂದದ್ದು ಮೇಷ್ಟ್ರು ಕೆಲಸದಿಂದಲ್ಲ, ಅಜ್ಜಿಯಿಂದ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ನಾಯಿಗೆ ಲಸಿಕೆ ಎಂದರೆ ಅವಳು ನಂಬುತ್ತಲೂ ಇರಲಿಲ್ಲವೇನೋ. ಅವಳು ರಾತ್ರಿ ಎದ್ದು ನೋಡುತ್ತಿದ್ದುದು ಹಸುಗಳನ್ನು. ಚನ್ನರಾಯಪಟ್ಟಣದ ಕಡೆಯ ನಮ್ಮೂರಿಗೆ ‘ದನಕ್ಕೆ ಸೂಜಿ ಹಾಕೋರು’ ಬರುವ ಹಿಂದಿನ ದಿನ ಊರಲ್ಲಿ ಸಾರುತ್ತಿದ್ದರು. ಬೆಳಿಗ್ಗೆ ಹಸು, ಎತ್ತು, ಎಮ್ಮೆ, ಕರು ಎಲ್ಲ ಅರಳಿಕಟ್ಟೆಯ ಮುಂದೆ ಸೇರಬೇಕು. ಕೆಲವರು ನಸುಕಿನಲ್ಲೇ ದನ ಹೊಡೆದುಕೊಂಡು ಕೆರೆಯ ಹಿಂದಿನ ಕಾವಲಿಗೆ ಹೋಗಿಬಿಡುತ್ತಿದ್ದರು. ಸೂಜಿ ಹಾಕಿದರೆ ಹಾಲು ಇಳಿಯುತ್ತದೆ, ಗಬ್ಬದ ಹಸು ಕಂದು ಹಾಕುತ್ತದೆ ಎಂಬ ಹೆದರಿಕೆ.

ಆ ಹೆದರಿಕೆ ಬರೀ ಮೌಢ್ಯ ಎಂದು ನಾನೂ ಬಹಳ ವರ್ಷ ತಿಳಿದಿದ್ದೆನಾದರೂ ಅದಕ್ಕೊಂದು ಬುಡವಿತ್ತು. ಆಗ ಜನ ಬೆದರುತ್ತಿದ್ದುದು ದೊಡ್ಡರೋಗಕ್ಕೆ. ಅದಕ್ಕೆ ನಮ್ಮ ದೇಶದಲ್ಲಿ ಬಹುಕಾಲ ಹಾಕುತ್ತಿದ್ದುದು, 1920ರ ದಶಕದಲ್ಲಿ ಮುಕ್ತೇಶ್ವರದ ಸಂಸ್ಥೆಯಲ್ಲಿ ಜೆ.ಟಿ. ಎಡ್ವರ್ಡ್ಸ್ ರೂಪಿಸಿದ ಲಸಿಕೆ. ರೋಗದ ವೈರಸ್ಸನ್ನು ಒಂದು ಆಡಿನಿಂದ ಇನ್ನೊಂದು ಆಡಿಗೆ ಹಾಯಿಸಿ ಹಾಯಿಸಿ ಅದರ ಉಗ್ರತೆ ತಗ್ಗಿಸಿ ಮಾಡಿದ್ದು. ತಗ್ಗಿದ್ದರೂ ಅದು ಜೀವಂತ ವೈರಸ್ಸೇ. ನಾಟಿ ಹಸು ಕೆಲವು ದಿನ ಮೈ ಬಿಸಿಯಾಗಿ, ಮೇವು ಕಮ್ಮಿ ಮಾಡಿ ಸುಧಾರಿಸಿಕೊಳ್ಳುತ್ತಿತ್ತು. ಸೀಮೆ ತಳಿಯ ರಕ್ತ ಬೆರೆತ ಹಸುಗಳಿಗೆ ಮಾತ್ರ ಆ ಲಸಿಕೆ ಬಲು ಜೋರಾಗುತ್ತಿತ್ತು. ಆಮೇಲೆ ಕೀನ್ಯಾದ ಮುಗುಗದಲ್ಲಿ ವಾಲ್ಟರ್ ಪ್ಲೋರೈಟ್ ಜೀವಕೋಶಗಳ ಕೃಷಿಯಲ್ಲಿ ಬೆಳೆಸಿದ ಲಸಿಕೆ ಬಂದ ಮೇಲೆ ಆ ತೊಂದರೆ ತೊಲಗಿತು. 2011ರಲ್ಲಿ ರೋಗವೇ ಭೂಮಿಯಿಂದ ತೊಲಗಿತು ಎಂದು ಸಾರಿದರು. ಸಿಡುಬಿನ ನಂತರ ಹಾಗೆ ನಿರ್ಮೂಲವಾದದ್ದು ಇದೊಂದೇ. ಇವತ್ತು ಊರಿನ ಹುಡುಗರನ್ನು ದೊಡ್ಡರೋಗ ಎಂದರೇನು ಎಂದು ಕೇಳಿದರೆ ಕ್ಯಾನ್ಸರ್ರಾ ಅಂತಾರೆ.

ಅಜ್ಜಿ ಮಾತ್ರ ದನ ಬಚ್ಚಿಟ್ಟವಳಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ದೊಡ್ಡರೋಗ ಕಂಡಿದ್ದಳು. ಬಾಯೆಲ್ಲ ಹುಣ್ಣು, ಜೊಲ್ಲು, ಕಣ್ಣಲ್ಲಿ ಪಿಸುರು, ನೀರಿನಂಥ ಭೇದಿ. ವಾರ ಕಳೆಯುವುದರೊಳಗೆ ಕೊಟ್ಟಿಗೆ ಖಾಲಿ. ಹೂಳುವುದಕ್ಕೆ ಗುಂಡಿ ತೋಡಲು ಆಳು ಸಿಗಲಿಲ್ಲವಂತೆ. ಹಾಗಾಗಿ ಸೂಜಿಯ ದಿನ ಎಲ್ಲರಿಗಿಂತ ಮುಂದೆ ನಮ್ಮ ಹಸುಗಳೇ ನಿಂತಿರುತ್ತಿದ್ದವು. ಆ ರಾತ್ರಿ ಅಜ್ಜಿ ಲಾಟೀನು ಹಿಡಿದು ಕೊಟ್ಟಿಗೆಗೆ ಹೋಗುವಳು, ಹಿಂದೆ ನಾನು. ಮೊದಲು ಮುಸುಡಿ ಮುಟ್ಟಿ ನೋಡುವಳು, ಒದ್ದೆಯಿದೆಯೋ ಒಣಗಿದೆಯೋ. ಆಮೇಲೆ ಕಿವಿಯ ಬುಡ. ಕೊನೆಗೆ ಲಾಟೀನು ಕೆಳಗಿಟ್ಟು ಸುಮ್ಮನೆ ನಿಂತು ದವಡೆ ನೋಡುವಳು. “ಮೆಲುಕು ಹಾಕ್ತಾ ಅವಳೆ ಕಣೆ, ಏನೂ ಆಗಿಲ್ಲ, ನಡಿ” ಎಂದರೆ ನಮಗೆ ನಿದ್ದೆ. ಯಾವುದಾದರೂ ಮೆಲುಕು ಬಿಟ್ಟಿದ್ದರೆ ಅವತ್ತು ಅಲ್ಲೇ ಗೋಣಿ ಹಾಸಿಕೊಂಡು ಮಲಗುವಳು. ಬೆಳಿಗ್ಗೆ ಸೂಜಿ ಚುಚ್ಚಿದ ಕಡೆ ಊದಿದ್ದರೆ ಬಿಸಿನೀರಿನ ಕಾವು, ಕುಡಿಯಲು ರಾಗಿ ಗಂಜಿ. ಯಾವ ಹಸುವಿಗೆ ಏನಾಯಿತು ಎನ್ನುವುದು ಮುಂದಿನ ವರ್ಷದ ತನಕ ಅವಳ ತಲೆಯಲ್ಲಿರುತ್ತಿತ್ತು. “ಗೌರಿಗೆ ಹೋದ ಸಲ ಮೂರು ದಿನ ಮೇವು ಸೇರ್ನಿಲ್ಲ, ನೋಡಿ ಹಾಕಪ್ಪ” ಎಂದು ದನದ ಡಾಕ್ಟರಿಗೇ ಹೇಳುವಳು. ಅವರೂ ಕೇಳಿಸಿಕೊಳ್ಳುತ್ತಿದ್ದರು.

ಮೈಸೂರಿನ ನಮ್ಮ ಮನೆಗೆ ಬೆಳ್ಳಿ ಬಂದಾಗ ಅಜ್ಜಿ ಇರಲಿಲ್ಲ. ಬೆಳ್ಳಿ ನಮ್ಮಲ್ಲಿ ಎಲ್ಲರೂ ಪಮೇರಿಯನ್ ಎನ್ನುವ, ನಿಜದಲ್ಲಿ ಇಂಡಿಯನ್ ಸ್ಪಿಟ್ಜ್ ಎಂಬ ಜಾತಿಯ ಬಿಳಿ ಮರಿ. ತೂಕ ಕೈಗೇ ಗೊತ್ತಾಗುತ್ತಿರಲಿಲ್ಲ, ಎಲ್ಲ ಕೂದಲು. ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಂದರಂತೆ ನಾಲ್ಕು ತಿಂಗಳವರೆಗೂ ಹಾಕುತ್ತಾರೆ. ಇಷ್ಟು ಸಲ ಯಾಕೆ ಎಂದು ಕೇಳಿದ್ದಕ್ಕೆ ಡಾಕ್ಟರು ಹೇಳಿದ್ದು ನನಗೆ ಹಿಡಿಸಿತು: ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವ ತನಕ ಅದು ಲಸಿಕೆಯನ್ನೂ ಹೊರಗಿನದೆಂದು ತಿಳಿದು ಅಲ್ಲೇ ಮುಗಿಸಿಬಿಡುತ್ತದಂತೆ. ಆ ರಕ್ಷಣೆ ಯಾವ ಮರಿಯಲ್ಲಿ ಯಾವ ವಾರ ಕರಗುತ್ತದೆ ಎಂದು ಹೊರಗಿನಿಂದ ತಿಳಿಯದು. ಅದಕ್ಕೇ ಮತ್ತೆ ಮತ್ತೆ.

ಮರಿಯಾಗಿದ್ದಾಗ ಬೆಳ್ಳಿಗೆ ಆದದ್ದೆಲ್ಲ ಪುಸ್ತಕದಲ್ಲಿ ಹೇಳುವಷ್ಟೇ. ಚುಚ್ಚಿಸಿಕೊಂಡು ಬಂದ ದಿನ ಮಂಕು, ಬಾಗಿಲ ಮ್ಯಾಟಿನ ಮೇಲೆ ಮಲಗಿದವಳು ಗೇಟಿನ ಸದ್ದಿಗೂ ಏಳುವುದಿಲ್ಲ. ಎತ್ತಿಕೊಂಡರೆ ಕುಂಯ್. ಒಂದೆರಡು ದಿನದಲ್ಲಿ ಎಲ್ಲ ಮೊದಲಿನಂತೆ. ಮೈಯೊಳಗೆ ಕೆಲಸ ನಡೆಯುತ್ತಿದೆ ಎಂಬುದರ ಗುರುತು ಅದು, ಹೆದರಬೇಡಿ ಎಂದಿದ್ದರು. ಜ್ವರ ನೋಡುವ ವಿಚಾರದಲ್ಲಿ ಅಜ್ಜಿಯ ಮುಸುಡಿ ಪರೀಕ್ಷೆ ನಾಯಿಗೆ ನಡೆಯುವುದಿಲ್ಲ; ಮಲಗಿ ಎದ್ದ ಗಟ್ಟಿಮುಟ್ಟು ನಾಯಿಯ ಮೂಗೂ ಒಣಗಿರುತ್ತದೆ. ಥರ್ಮಾಮೀಟರನ್ನು ಬಾಲದಡಿಯೇ ಇಡಬೇಕು. ಅಲ್ಲಿ 102 ಕಂಡರೂ ಗಾಬರಿಯಿಲ್ಲ. ನಾಯಿಯ ಮೈಬಿಸಿಯೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಇದು ಗೊತ್ತಿಲ್ಲದೆ ನಮ್ಮ ಬೀದಿಯಲ್ಲಿ ಎಷ್ಟೋ ನಾಯಿಗಳಿಗೆ ಇಲ್ಲದ ಜ್ವರ ಬಂದಿದೆ.

ದೊಡ್ಡವಳಾದ ಮೇಲೆ ಒಂದು ವರ್ಷ, ಸಂಜೆ ಹೊತ್ತಿನಲ್ಲಿ, ಎಲ್ಲ ಕೂಡಿದ ಲಸಿಕೆ ಮತ್ತು ರೇಬೀಸ್ ಎರಡನ್ನೂ ಒಟ್ಟಿಗೆ ಹಾಕಿಸಿಕೊಂಡು ಬಂದೆವು. ಹಾಗೆ ಹಾಕುವುದು ಎಲ್ಲ ಕಡೆ ರೂಢಿ. ಮನೆಗೆ ಬಂದು ನಾನು ಚಪಾತಿ ಲಟ್ಟಿಸುತ್ತಿದ್ದೆ. ಬೆಳ್ಳಿ ಅಡುಗೆಮನೆಗೆ ಬಂದು ಮುಖವನ್ನು ಫ್ರಿಜ್ಜಿನ ಅಂಚಿಗೆ ಉಜ್ಜತೊಡಗಿದಳು. ಕೂದಲಿಗೆ ಏನೋ ಅಂಟಿದೆ ಎಂದುಕೊಂಡೆ. ಉಜ್ಜುವುದು ನಿಲ್ಲಲಿಲ್ಲ. ಗದ್ದ ಹಿಡಿದು ಎತ್ತಿ ನೋಡಿದರೆ ನಮ್ಮ ಬೆಳ್ಳಿಯೇ ಅಲ್ಲ. ಚೂಪು ಮೂತಿ ಮೊಂಡಾಗಿದೆ. ಮೇಲ್ದುಟಿ ದಪ್ಪಗಾಗಿ ಇಳಿಬಿದ್ದಿದೆ. ಕಣ್ಣಿನ ರೆಪ್ಪೆಗಳು ಊದಿಕೊಂಡು ಕಣ್ಣು ಗೆರೆಯಾಗಿದೆ. ಅಂಗಾತ ಮಲಗಿಸಿ ನೋಡಿದರೆ ಕೂದಲಿಲ್ಲದ ಹೊಟ್ಟೆಯ ಮೇಲೆ ಕೆಂಪು ದದ್ದು. ನಾನು ನೋಡುತ್ತಿದ್ದಂತೆಯೇ ಒಂದು ಇನ್ನೊಂದಕ್ಕೆ ಕೂಡಿಕೊಳ್ಳುತ್ತಿತ್ತು.

ಡಾಕ್ಟರು ಕ್ಲಿನಿಕ್ಕಿನ ಷಟರ್ ಎಳೆದು ಹೊರಟಿದ್ದರಂತೆ. ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಮುಖದ್ದಲ್ಲ. “ಮೇಡಂ, ತುಟಿ ಎತ್ತಿ. ವಸಡು ಯಾವ ಬಣ್ಣ ಇದೆ?” ಗುಲಾಬಿ. “ಹೆಬ್ಬೆರಳಲ್ಲಿ ಒತ್ತಿ ಬಿಡಿ. ಬೆಳ್ಳಗಾಗಿದ್ದು ಮತ್ತೆ ಕೆಂಪಾಗೋಕೆ ಎಷ್ಟೊತ್ತು?” ಒಂದು, ಎರಡು ಎನ್ನುವಷ್ಟರಲ್ಲಿ ಬಣ್ಣ ಮರಳಿತು. “ವಾಂತಿ ಮಾಡ್ತಾ? ಕಾಲು ಗಟ್ಟಿ ನಿಂತಿದೆ ತಾನೆ? ಹಾಗಿದ್ರೆ ಟೈಮಿದೆ, ಕರ್ಕೊಂಡ್ ಬನ್ನಿ.” ಆಟೋದಲ್ಲಿ ದಾರಿಯುದ್ದಕ್ಕೂ ನಾನು ಅವಳ ತುಟಿ ಎತ್ತಿ ಎತ್ತಿ ವಸಡು ಒತ್ತುತ್ತಿದ್ದೆ. ಲಾಟೀನಿನ ಬದಲು ಮೊಬೈಲಿನ ಟಾರ್ಚು. ಯಜಮಾನರು ಆಟೋದವನಿಗೆ ಬೇಗ ನಡಿಯಪ್ಪ ಎನ್ನುವುದು, ಅವನು ತಿರುಗಿ ನಾಯಿಯ ಮುಖ ನೋಡುವುದು, ಇವರು “ಮುಂದೆ ನೋಡ್ಕೊಂಡು ಓಡ್ಸು ಮಾರಾಯ” ಎಂದು ಬೈಯುವುದು.

ಅಲರ್ಜಿ ತಗ್ಗಿಸುವ ಒಂದು ಸೂಜಿ, ಒಂದು ಸ್ಟೀರಾಯ್ಡ್. ಅಡ್ರಿನಲಿನ್ ತುಂಬಿದ ಸಿರಿಂಜನ್ನು ಟ್ರೇಯಲ್ಲಿಟ್ಟುಕೊಂಡೇ ಕೂತರು, ಬೇಕಾಗಲಿಲ್ಲ. ಆಗ ಅವರು ವಿವರಿಸಿದ್ದು: ಮುಖ ಊದುವುದು ನೋಡಲು ಭಯಂಕರ, ಆದರೆ ಚಿಕಿತ್ಸೆಗೆ ಬೇಗ ಬಗ್ಗುತ್ತದೆ. ನಾಯಿಯ ಪ್ರಾಣಕ್ಕೆ ಬರುವ ಅಲರ್ಜಿ ಎಷ್ಟೋ ಸಲ ಮುಖದಲ್ಲಿ ಕಾಣುವುದೇ ಇಲ್ಲ. ಒಮ್ಮೆಗೇ ವಾಂತಿ ಭೇದಿ, ವಸಡು ಬಿಳಿಚಿಕೊಳ್ಳುವುದು, ಕಾಲು ಸೋತು ಕುಸಿಯುವುದು. ಬಂದರೆ ಸಾಮಾನ್ಯವಾಗಿ ಚುಚ್ಚಿದ ಕೆಲವು ನಿಮಿಷದಿಂದ ಕೆಲವು ಗಂಟೆಯೊಳಗೆ ಬರುತ್ತದೆ. ಅದಕ್ಕೆ ಮನೆಮದ್ದಿಲ್ಲ, ನಾಳೆ ನೋಡೋಣ ಎಂಬುದಿಲ್ಲ. ಮಧ್ಯರಾತ್ರಿ ಹೊತ್ತಿಗೆ ಬೆಳ್ಳಿಯ ಮೂತಿ ಮತ್ತೆ ಚೂಪಾಗಿತ್ತು, ಉಳಿದಿದ್ದ ಚಪಾತಿ ಕೇಳುತ್ತಿದ್ದಳು.

ಸುದ್ದಿ ಬೀದಿಗೆ ಗೊತ್ತಾಗಲು ಬೆಳಗಾಗಬೇಕಾಗಿರಲಿಲ್ಲ. ವಾಕಿಂಗಿಗೆ ಸಿಕ್ಕವರೆಲ್ಲ ಒಂದೇ ಮಾತು. “ನಾಯಿಗೆ ಯಾಕ್ರೀ ಅಷ್ಟೊಂದು ಕೆಮಿಕಲ್ಲು? ಹೇಗೂ ಮನೆಯೊಳಗಿರೋ ನಾಯಿ. ಇನ್ಮೇಲೆ ಹಾಕಿಸ್ಲೇಬೇಡಿ.” ಎದುರು ಮನೆಯವರು ಸೂಜಿಯಾದ ಮೇಲೆ ತಾವೇ ಅರ್ಧ ಜ್ವರದ ಮಾತ್ರೆ ಕೊಡುತ್ತೇವೆ ಎಂದರು. ಈ ಎರಡನೆಯ ಸಲಹೆಗೆ ನಾನು ಅಲ್ಲೇ ಜೋರು ಮಾಡಿದೆ. ಅವರ ಮನೆಯಲ್ಲಿ ಬೆಕ್ಕೂ ಇತ್ತು. ಮನುಷ್ಯರ ಪ್ಯಾರಸಿಟಮಾಲನ್ನು ಬೆಕ್ಕಿನ ಪಿತ್ತಜನಕಾಂಗ ಅರಗಿಸಲಾರದು, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು.

ಮೊದಲನೆಯ ಸಲಹೆಗೆ ಉತ್ತರ ಅಷ್ಟು ಸುಲಭವಲ್ಲ. ಊದಿದ ಮುಖ ಕಣ್ಣೆದುರು ಇರುವಾಗ ಬಾರದ ರೋಗದ ಮಾತು ಯಾರಿಗೆ ಬೇಕು? ಅಮೆರಿಕದಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ತೆಗೆದು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಲಸಿಕೆಯಾದ ಮೂರು ದಿನದೊಳಗೆ ಏನಾದರೂ ತೊಂದರೆ ದಾಖಲಾದದ್ದು ಹತ್ತು ಸಾವಿರಕ್ಕೆ ಸುಮಾರು 38 ನಾಯಿಗಳಲ್ಲಿ. ಸಣ್ಣ ಜಾತಿಯವಕ್ಕೆ ಹೆಚ್ಚು; ಒಂದೇ ಸಲ ಹಾಕುವ ಲಸಿಕೆಗಳ ಸಂಖ್ಯೆ ಏರಿದಂತೆ ಅಪಾಯವೂ ಏರುತ್ತದೆ, ಅದೂ ಹತ್ತು ಕಿಲೋ ಒಳಗಿನ ನಾಯಿಗಳಲ್ಲಿ ದೊಡ್ಡವಕ್ಕಿಂತ ಜಾಸ್ತಿ. ಬೆಳ್ಳಿಯನ್ನು ನೋಡಿಯೇ ಬರೆದಂತಿತ್ತು. ಇದರಲ್ಲಿ ಲಸಿಕೆ ಬೇಡ ಎನ್ನುವ ಮಾತು ಎಲ್ಲೂ ಇಲ್ಲ. ಬಿಡಿಸಿ ಹಾಕಿ ಎಂಬ ಸೂಚನೆ ಇದೆ.

ನಾನು ಬೇಡ ಎನ್ನದಿದ್ದುದಕ್ಕೆ ಕಾರಣ ಅಧ್ಯಯನವೂ ಅಲ್ಲ. ಆ ಹಿಂದಿನ ಮಳೆಗಾಲದಲ್ಲಿ ಮೂಲೆ ಮನೆಯ ಲ್ಯಾಬ್ರಡಾರ್ ಮರಿ ಪಾರ್ವೋದಲ್ಲಿ ಹೋಗಿತ್ತು. 1978ರಲ್ಲಿ ಕಾಣಿಸಿಕೊಂಡು ಎರಡು ವರ್ಷದೊಳಗೆ ಲೋಕವೆಲ್ಲ ಹರಡಿದ ರೋಗ ಅದು. ರಕ್ತಭೇದಿ, ಅದರ ಆ ವಾಸನೆ. ಡ್ರಿಪ್ ಹಾಕಿದ್ದ ಮುಂಗಾಲನ್ನು ಮನೆಯ ಹುಡುಗಿ ಬಿಡದೆ ಹಿಡಿದುಕೊಂಡಿದ್ದಳು. ಇನ್ನು ರೇಬೀಸ್. ನಮ್ಮ ಸೋದರಮಾವನಿಗೆ ಹುಚ್ಚುನಾಯಿ ಕಚ್ಚಿ ಹಾಸನದ ದೊಡ್ಡಾಸ್ಪತ್ರೆಯಲ್ಲಿ ಹೊಕ್ಕಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ ಹಾಕಿಸಿಕೊಂಡು ಬಂದದ್ದು ಮನೆಯಲ್ಲೆಲ್ಲ ಕಥೆಯಾಗಿತ್ತು. ಹೊಟ್ಟೆ ಗಟ್ಟಿಯಾಗಿ, ಪಂಚೆ ಕಟ್ಟಲಾರದೆ ಹೆಗಲಿಗೆ ಟವೆಲ್ ಹೊದ್ದು ಲುಂಗಿ ಎದೆಯ ಮೇಲೆ ಕಟ್ಟಿಕೊಂಡು ಓಡಾಡುತ್ತಿದ್ದರು. ಅದು ಡೇವಿಡ್ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ, ಕುರಿಯ ಮಿದುಳಿನಿಂದ ಮಾಡುತ್ತಿದ್ದ ಲಸಿಕೆ. ಮಿದುಳಿನ ಅಂಶ ಸೇರಿರುತ್ತಿದ್ದುದರಿಂದ ಕೆಲವರಿಗೆ ಪಾರ್ಶ್ವವಾಯುವಿನಂಥ ತೊಂದರೆಯೂ ಆಗುತ್ತಿತ್ತು. ಆದರೂ ಜನ ಹಾಕಿಸಿಕೊಂಡರು, ಯಾಕೆಂದರೆ ಇನ್ನೊಂದು ಕಡೆ ಇದ್ದುದು ಸಾವು, ಖಚಿತವಾದ ಸಾವು. 2005ರ ಹೊತ್ತಿಗೆ ಅದು ನಮ್ಮ ದೇಶದಲ್ಲಿ ನಿಂತು, ಈಗ ತೋಳಿಗೆ ಹಾಕುವ ಕೆಲವೇ ಸೂಜಿಗಳಲ್ಲಿ ಮುಗಿಯುತ್ತದೆ. ರೇಬೀಸ್ ಮನುಷ್ಯರಿಗೆ ಬರುವುದು ಬಹುಪಾಲು ನಾಯಿಯಿಂದಲೇ. ಮಾವನ ಹೊಟ್ಟೆಯ ಸೂಜಿಗಳಿಗೆ ಹೋಲಿಸಿದರೆ ಬೆಳ್ಳಿಯ ತೊಡೆಯದು ಯಾವ ಲೆಕ್ಕ!

ಮುಂದಿನ ವರ್ಷದಿಂದ ಡಾಕ್ಟರೂ ನಾನೂ ಕೂತು ಬೇರೆ ಏರ್ಪಾಡು ಮಾಡಿಕೊಂಡೆವು. ಒಂದು ಸಲಕ್ಕೆ ಒಂದೇ ಸೂಜಿ, ಇನ್ನೊಂದು ಕೆಲವು ವಾರ ಬಿಟ್ಟು. ಚುಚ್ಚುವ ಮೊದಲು ಅಲರ್ಜಿಯ ಔಷಧ, ಪ್ರಮಾಣ ಅವರದೇ. ಹೊತ್ತು ಬೆಳಿಗ್ಗೆ, ಅದೂ ವಾರದ ಮಧ್ಯೆ. ಏನಾದರೂ ಆದರೆ ಷಟರ್ ತೆರೆದಿರಬೇಕಲ್ಲ. ಆಮೇಲೆ ಅರ್ಧ ಮುಕ್ಕಾಲು ಗಂಟೆ ಅಲ್ಲೇ ಬೆಂಚಿನ ಮೇಲೆ. ಈ ಬೆಂಚಿನ ವಿಚಾರದಲ್ಲಿ ನನಗೆ ನಮ್ಮ ಕ್ಲಿನಿಕ್ಕುಗಳ ಮೇಲೆ ಬೇಸರವಿದೆ. ಮಗುವಿಗೆ ಲಸಿಕೆ ಹಾಕಿದರೆ ಅರ್ಧ ಗಂಟೆ ಕೂರಿಸುತ್ತಾರೆ, ನಾಯಿಗೆ ಹಾಕಿದರೆ ಬಿಲ್ಲು ಕೈಗಿಟ್ಟು ಮುಂದಿನವರನ್ನು ಕರೆಯುತ್ತಾರೆ. ಡಿಸ್ಟೆಂಪರ್, ಪಾರ್ವೋ ಮುಂತಾದವಕ್ಕೆ ಮರಿ ದೊಡ್ಡದಾದ ಮೇಲೆ ಮೂರು ವರ್ಷಕ್ಕೊಮ್ಮೆ ಸಾಕು ಎಂದು ಜಾಗತಿಕ ಮಾರ್ಗಸೂಚಿ ಹೇಳುತ್ತದೆ ಎಂದು ಅವರೇ ತೋರಿಸಿದರು. ಇಲಿಜ್ವರದ್ದು ಮಾತ್ರ ವರ್ಷ ವರ್ಷ ಬೇಕು, ಮೈಸೂರಿನ ಮಳೆಗಾಲದ ಚರಂಡಿಗಳನ್ನು ಕಂಡವರು ಅದನ್ನು ಬಿಡುವ ಹಾಗಿಲ್ಲ. ರೇಬೀಸೂ ವರ್ಷಕ್ಕೊಮ್ಮೆ. ಹೀಗೆ ಬಿಡಿಸಿ ಹಾಕಿಸಿದ ಮೇಲೆ ಬೆಳ್ಳಿಗೆ ಮಂಕು ಬಿಟ್ಟರೆ ಇನ್ನೇನೂ ಆಗಲಿಲ್ಲ. ಡಾಕ್ಟರು ಬದಲಾದಾಗ ಹೊಸಬರು ಪುಸ್ತಕ ತಿರುಗಿಸಿ, ಅಂಚಿನಲ್ಲಿದ್ದ ‘ಮುಖ ಊದಿತು, ಎರಡೂ ಒಟ್ಟಿಗೆ ಬೇಡ’ ಓದಿ, ಕೈಯಲ್ಲಿದ್ದ ಎರಡನೆಯ ಸೀಸೆ ವಾಪಸ್ ಫ್ರಿಜ್ಜಿಗಿಟ್ಟರು.

ಬೆಕ್ಕಿನದು ಬೇರೆಯೇ ಪುರಾಣ. ಮಿಂಚು ಲಸಿಕೆ ಹಾಕಿಸಿಕೊಂಡು ಬಂದರೆ ಅಟ್ಟ ಹತ್ತಿ ಹಳೆಯ ಟ್ರಂಕಿನ ಹಿಂದೆ ಸೇರುತ್ತಾಳೆ, ಮರುದಿನ ಮೀನಿನ ವಾಸನೆ ಬರುವವರೆಗೆ ಅವಳಿಗೂ ನಮಗೂ ಸಂಬಂಧವಿಲ್ಲ. ಒಂದು ಸಲ ಅವಳ ಹಿಂಗಾಲಿನಲ್ಲಿ, ಮೊಣಕಾಲಿನ ಕೆಳಗೆ, ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಬೆಕ್ಕುಗಳಲ್ಲಿ ಸೂಜಿ ಚುಚ್ಚಿದ ಜಾಗದಲ್ಲಿ ತೀರಾ ಅಪರೂಪಕ್ಕೆ ಕ್ಯಾನ್ಸರ್ ಗಡ್ಡೆ ಬೆಳೆಯಬಹುದು ಎಂಬುದು ಅಮೆರಿಕದ ವೈದ್ಯರ ಗಮನಕ್ಕೆ ಬಂದದ್ದು 1991ರಲ್ಲಿ. ಹೆಗಲ ನಡುವೆ ಹಾಕುತ್ತಿದ್ದುದನ್ನು ಕಾಲಿನ ಕೆಳಭಾಗಕ್ಕೆ ಇಳಿಸಿದ್ದು ಅದಕ್ಕೇ. ಕಾಲಾದರೆ ತೆಗೆದಾದರೂ ಬೆಕ್ಕನ್ನು ಉಳಿಸಬಹುದು. ಕೇಳಿ ನನ್ನ ಜೀವ ಹಾರಿತು. ಡಾಕ್ಟರು ಲೆಕ್ಕ ಕೊಟ್ಟರು: ಗಂಟು ಮೂರು ತಿಂಗಳಾದರೂ ಉಳಿದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಅಥವಾ ಒಂದು ತಿಂಗಳಾದ ಮೇಲೂ ಬೆಳೆಯುತ್ತಿದ್ದರೆ ಚೂರು ತೆಗೆದು ಪರೀಕ್ಷಿಸೋಣ. ಅಲ್ಲಿಯವರೆಗೆ ಮುಟ್ಟಿ ನೋಡಿ, ಬರೆದಿಡಿ. ಹಾಲು ಕುಡಿಯುವಾಗ ಮಾತ್ರ ಮಿಂಚು ಕಾಲು ಮುಟ್ಟಲು ಬಿಡುತ್ತಿದ್ದಳು. ಹೊಲಿಗೆಯ ಟೇಪಿನಲ್ಲಿ ಅಳೆಯಲು ಹೋಗಿ ಮುಂಗೈ ಪರಚಿಸಿಕೊಂಡದ್ದಷ್ಟೇ ಲಾಭ. ತಿಂಗಳು ಕಳೆಯುವುದರೊಳಗೆ ಗಂಟು ತಾನಾಗಿ ಕರಗಿತು.

ಮೂರನೆಯವನು ಕರಿಯ, ಗೇಟಿನ ಹೊರಗಿನ ಹೊಂಗೆ ಮರದ ಕೆಳಗೆ ಸಂಸಾರ ಹೂಡಿದ ಬೀದಿನಾಯಿ. ಅವನಿಗೆ ಲಸಿಕೆಯಿಂದ ಇದುವರೆಗೆ ಏನೂ ಆಗಿಲ್ಲ. ಆಗುವುದೆಲ್ಲ ಲಸಿಕೆಗೆ ಮೊದಲೇ. ಆಟೋ ಹತ್ತುವ ಜೀವ ಅಲ್ಲವಾದ್ದರಿಂದ ಡಾಕ್ಟರೇ ಬರುತ್ತಾರೆ. ಮೊದಲ ವರ್ಷ ಬೇಯಿಸಿದ ಮೊಟ್ಟೆಗೆ ಮರುಳಾಗಿ ಸುಲಭಕ್ಕೆ ಸಿಕ್ಕ. ಮರುವರ್ಷ ಬಿಳಿ ಕೋಟು ಕಂಡೊಡನೆ ಚರಂಡಿಯ ಮೋರಿಯೊಳಗೆ ನುಗ್ಗಿದ. ಕೋಟು ಬೇಡವೆಂದು ಡಾಕ್ಟರು ಮುಂದಿನ ಸಲ ಟೀ ಶರ್ಟಿನಲ್ಲಿ ಬಂದರು. ಅಷ್ಟರಲ್ಲಿ ಅವನು ಸ್ಕೂಟರಿನ ಸದ್ದು ಕಲಿತಿದ್ದ. ಸ್ಕೂಟರ್ ಮೂಲೆ ತಿರುಗುವ ಮೊದಲೇ ನಿಂತಿದ್ದ ಗೂಡ್ಸ್ ಆಟೋದ ಕೆಳಗೆ ಸೇರಿ, ಬಾಲ ಮಾತ್ರ ಹೊರಗೆ. ಯಜಮಾನರು ಬೆಡ್‌ಶೀಟು ಹಿಡಿದು ಒಂದು ಕಡೆ, ನಾನು ಮೊಟ್ಟೆ ಹಿಡಿದು ಇನ್ನೊಂದು ಕಡೆ, ಪೇಪರ್ ಹಾಕುವ ಹುಡುಗ ಸಲಹೆ ಕೊಡುತ್ತ ಮಧ್ಯೆ. ಕೊನೆಗೆ ಡಾಕ್ಟರು ರಸ್ತೆಯಲ್ಲೇ ಮಂಡಿಯೂರಿ, ಹೊರಗಿದ್ದ ಬಾಲದ ಪಕ್ಕ ಎಟುಕಿದ ತೊಡೆಗೆ ಕೆಲಸ ಮುಗಿಸಿದರು. ಕರಿಯನಿಗೆ ಗೊತ್ತಾಗಲೇ ಇಲ್ಲ. ಹೊರಬಂದವನು ಮೊಟ್ಟೆ ತಿಂದು, ಡಾಕ್ಟರ ಸ್ಕೂಟರಿನ ಚಕ್ರಕ್ಕೆ ಕಾಲೆತ್ತಿ ಹೋದ.

ಮುಂದಿನ ಡೋಸ್ ಆಗಸ್ಟಿಗೆ. ಸ್ಕೂಟರನ್ನು ಮುಖ್ಯರಸ್ತೆಯಲ್ಲೇ ಬಿಟ್ಟು, ಕೈಯಲ್ಲಿ ತರಕಾರಿ ಚೀಲ ಹಿಡಿದು ನಡೆದು ಬರುತ್ತೇನೆ ಎಂದಿದ್ದಾರೆ ಡಾಕ್ಟರು.